ಓದುಗರ ಪ್ರಶ್ನೆ: ಮೆಚ್ಚಿದ ಕಾದಂಬರಿ ಕಾಮಿಕ್ಸ್ ಆದಾಗ

ಫ್ಯಾಂಟಸಿ ಕಾದಂಬರಿಮಾಲೆಗಳನ್ನು ಕಾಮಿಕ್ಸ್ ರೂಪಕ್ಕೆ ತರುವುದರ ಕುರಿತು ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲದ ಅಂಕಣಕ್ಕೆ ಆರಿಸಿಕೊಂಡಿದ್ದೇನೆ. ಕೆಲವು ಪತ್ರಗಳಲ್ಲಿ ಸಿಟ್ಟಿದೆ, ಕೆಲವುಗಳಲ್ಲಿ ಕುತೂಹಲವಿದೆ. ಓದಿದ ಪುಸ್ತಕವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡವರು ನಮ್ಮ ನಡುವೆ ಇದ್ದಾರೆ ಎಂಬುದು ಸಂತೋಷದ ಸಂಗತಿ.

ಪ್ರಶ್ನೆ: ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿಯನ್ನು ನಾನು ಮತ್ತು ನನ್ನ ಗೆಳತಿಯರು ಕಾಲೇಜಿನಲ್ಲಿದ್ದಾಗ ಓದಿ ಮೆಚ್ಚಿದವರು. ಈಚೆಗೆ ಅದರ ಕಾಮಿಕ್ಸ್ ಸಂಪುಟಗಳನ್ನು ತರಿಸಿಕೊಂಡು ಓದಿದಾಗ ಎಲ್ಲರಿಗೂ ಬೇಸರವಾಯಿತು. ಪಾತ್ರಗಳ ಮುಖ ನಾವು ಅಂದುಕೊಂಡಂತಿಲ್ಲ, ಟಿವಿ ಧಾರಾವಾಹಿಯಲ್ಲಿ ಕಂಡಂತೆಯೂ ಇಲ್ಲ. ನಮ್ಮ ಸಿಟ್ಟು ನ್ಯಾಯವಾದದ್ದೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದಕ್ಕೊಂದು ಬೆರೆತಿವೆ. ಧಾರಾವಾಹಿಯ ಮುಖಗಳು ಕಾಮಿಕ್ಸ್‌ನಲ್ಲಿ ಇಲ್ಲ ಎಂಬುದನ್ನು ಕೊರತೆಯೆಂದು ನಾನು ಒಪ್ಪುವುದಿಲ್ಲ. ಕಾದಂಬರಿ ಪ್ರಕಟವಾದದ್ದು 1996ರಲ್ಲಿ. ಧಾರಾವಾಹಿ ಆರಂಭವಾದದ್ದು 2011ರ ಏಪ್ರಿಲ್‌ನಲ್ಲಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡೈನಮೈಟ್ ಪ್ರಕಾಶನದ ಕಾಮಿಕ್ಸ್ ಹೊರಬರತೊಡಗಿತು. ಸ್ವತಃ ಕಾದಂಬರಿಕಾರರಾದ ಡೇನಿಯಲ್ ಅಬ್ರಹಾಂ ಕಥೆಯನ್ನು ಕಾಮಿಕ್ಸ್‌ಗೆ ಅಳವಡಿಸಿದರು, ಟಾಮಿ ಪ್ಯಾಟರ್ಸನ್ ಚಿತ್ರ ಬರೆದರು. 24 ಸಂಚಿಕೆಗಳಲ್ಲಿ, 2014ರ ಹೊತ್ತಿಗೆ, ಮೊದಲ ಕಾದಂಬರಿಯ ಕಥೆ ಪೂರ್ತಿಯಾಯಿತು, ಅದೇ ನಾಲ್ಕು ಸಂಪುಟಗಳಾಗಿಯೂ ಬಂತು. ಅವರಿಬ್ಬರೂ ಹೊರಟದ್ದು ಕಾದಂಬರಿಯಿಂದಲೇ ಹೊರತು ಧಾರಾವಾಹಿಯಿಂದಲ್ಲ. ಮೂಲದಲ್ಲಿ ರಾಜಕುಮಾರಿ ಡೆನೇರಿಸ್‌ಳ ಕಣ್ಣು ನೇರಳೆ ಬಣ್ಣದ್ದು, ಕುಬ್ಜ ಟಿರಿಯನ್‌ನ ಒಂದು ಕಣ್ಣು ಹಸಿರು, ಇನ್ನೊಂದು ಕಪ್ಪು. ಧಾರಾವಾಹಿ ಇವೆರಡನ್ನೂ ಕೈಬಿಟ್ಟಿತು. ನಟರ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಮಿಕ್ಸ್ ತೆರೆದವರಿಗೆ ಇಂತಹ ವಿವರಗಳೇ ಅಪರಿಚಿತವಾಗಿ ಕಾಣುತ್ತವೆ.

ಪರದೆಯ ಮೇಲೆ ಕಂಡ ಚಿತ್ರ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಈ ಕಥೆಯ ರಾಜರು ಕೂರುವ ಕಬ್ಬಿಣದ ಸಿಂಹಾಸನವೇ ಸಾಕ್ಷಿ. ಧಾರಾವಾಹಿಯ ಸಿಂಹಾಸನ ತಾವು ಕಲ್ಪಿಸಿಕೊಂಡದ್ದಲ್ಲ, ತಮ್ಮದು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು, ವಿಕಾರವಾದದ್ದು ಎಂದು ಮಾರ್ಟಿನ್ ಅವರೇ ಹೇಳಿ, ಮಾರ್ಕ್ ಸಿಮೊನೆಟ್ಟಿ ಎಂಬ ಕಲಾವಿದರು ಬರೆದ ಚಿತ್ರವನ್ನು ಸರಿಯಾದದ್ದೆಂದು ತೋರಿಸಿದರು. ಆದರೂ ಇಂದು ಆ ಹೆಸರು ಕಿವಿಗೆ ಬಿದ್ದೊಡನೆ ಬಹುತೇಕರ ಕಣ್ಣಮುಂದೆ ಬರುವುದು ಟಿವಿಯ ಸಿಂಹಾಸನವೇ.

ನಿಮ್ಮ ಮೊದಲನೆಯ ದೂರು, ಅಂದರೆ ಮುಖಗಳು ನೀವು ಅಂದುಕೊಂಡಂತಿಲ್ಲ ಎಂಬುದು, ಇದಕ್ಕಿಂತ ಪ್ರಾಮಾಣಿಕವಾದದ್ದು. ನನಗೂ ಪ್ಯಾಟರ್ಸನ್ ಅವರ ಪಾತ್ರಗಳು ಬೇಕಾದುದಕ್ಕಿಂತ ಚೆಲುವಾಗಿವೆ, ಸೂಪರ್‌ಹೀರೋ ಕಾಮಿಕ್ಸ್‌ನ ನುಣುಪು ಅವರನ್ನು ಬಿಟ್ಟುಹೋಗಿಲ್ಲ ಎನ್ನಿಸುತ್ತದೆ. ಉತ್ತರದ ಚಳಿಯಲ್ಲಿ ಬೆಳೆದವರ ಚರ್ಮದ ಮೇಲೆ ಆ ಚಳಿ ಕಾಣಬೇಕಿತ್ತು. ಆದರೆ ನೀವು ನಾಲ್ವರು ಗೆಳತಿಯರು ಕೂತು ಕಥೆಯ ಬಾಲಕಿ ಆರ್ಯಾಳ ಮುಖವನ್ನು ಬಣ್ಣಿಸಿದರೂ ನಾಲ್ಕು ಮುಖಗಳು ಹುಟ್ಟುತ್ತವೆ. ಚಿತ್ರಕಾರ ಐದನೆಯದನ್ನು ಬರೆದನೆಂದು ಅವನನ್ನು ದೂರಲಾಗದು.

ನನ್ನ ದೂರು ಬೇರೆ ಕಡೆ ಇದೆ, ಓದುಗರ ಪತ್ರಗಳಲ್ಲಿ ಅದು ಅಷ್ಟಾಗಿ ಕಾಣುತ್ತಿಲ್ಲ. ಈ ಕಾದಂಬರಿಯ ಪ್ರತಿ ಅಧ್ಯಾಯವೂ ಒಬ್ಬ ಪಾತ್ರದ ತಲೆಯೊಳಗಿನಿಂದ ನಡೆಯುತ್ತದೆ. ಪೀಠಿಕೆಯ ಅಧ್ಯಾಯವನ್ನು ಬಿಟ್ಟರೆ ಅಂತಹ ಎಂಟು ಪಾತ್ರಗಳಿವೆ. ಪೀಠಿಕೆಯನ್ನೇ ನೋಡಿ: ರಾಜ್ಯದ ಉತ್ತರ ಗಡಿಯ ಹಿಮದ ಗೋಡೆಯ ಆಚೆಗಿನ ಕಾಡಿನಲ್ಲಿ ವಿಲ್ ಎಂಬ ಕಾವಲುಗಾರ ಮರವೇರಿ ಕುಳಿತಿದ್ದಾನೆ, ಕೆಳಗೆ ಅವನ ನಾಯಕ ಕತ್ತಿ ಹಿರಿದು ನಿಂತಿದ್ದಾನೆ. ಮರಗಳ ನಡುವಿನಿಂದ ಬಂದ ಬಿಳಿಯ ಆಕೃತಿ ತೊಟ್ಟ ಕವಚ ಒಂದೊಂದು ಹೆಜ್ಜೆಗೂ ಬಣ್ಣ ಬದಲಿಸುತ್ತದೆ, ಈಗ ಹಿಮದ ಬಿಳುಪು, ಈಗ ನೆರಳಿನ ಕಪ್ಪು, ಮರುಕ್ಷಣ ಮರಗಳ ಬೂದುಹಸಿರು. ವಿಲ್ ಕೂಗಿ ಎಚ್ಚರಿಸಬೇಕು, ಅದು ಅವನ ಕರ್ತವ್ಯ, ಆದರೆ ಗಂಟಲಿನಿಂದ ದನಿ ಹೊರಡುವುದಿಲ್ಲ. ಈ ಒಂದು ಪುಟದಲ್ಲಿ ಕಾಮಿಕ್ಸ್‌ಗೆ ಎದುರಾಗುವ ಎರಡು ದೊಡ್ಡ ತೊಡಕುಗಳೂ ಇವೆ. ಚಲನೆಯಲ್ಲಿ ಮಾತ್ರ ಇರುವ ಬಣ್ಣವನ್ನು ಅಲುಗದ ಚಿತ್ರದಲ್ಲಿ ತರಬೇಕು. ಒಬ್ಬ ಮನುಷ್ಯ ಕೂಗದೇ ಉಳಿದುದನ್ನು, ಅಂದರೆ ಏನೂ ನಡೆಯದಿರುವುದನ್ನು, ಕಣ್ಣಿಗೆ ಕಾಣಿಸಬೇಕು. ‘ಅವನಿಗೆ ಭಯವಾಯಿತು’ ಎಂದು ಚೌಕದ ಮೂಲೆಯಲ್ಲಿ ಬರೆದುಬಿಟ್ಟರೆ ಕೆಲಸ ಮುಗಿಯಿತು, ಆದರೆ ಭಯ ಓದುಗನಿಗೆ ತಟ್ಟುವುದಿಲ್ಲ. ಅದೇ ಮುಖವನ್ನು ಮಾತಿಲ್ಲದೆ ಮೂರು ಚೌಕಗಳಲ್ಲಿ ತೋರಿಸಿ, ನಾಲ್ಕನೆಯದರಲ್ಲಿ ಕೆಳಗಿನ ಕತ್ತಿ ಮುರಿದರೆ ಆ ಮೌನದ ಭಾರ ನಮ್ಮ ಮೇಲೂ ಬೀಳುತ್ತದೆ. ನೀವು ಇನ್ನೊಮ್ಮೆ ಸಂಪುಟಗಳನ್ನು ತೆರೆದಾಗ ಮುಖಗಳನ್ನು ಬದಿಗಿಟ್ಟು ಇಂತಹ ಮೌನಗಳನ್ನು ಹುಡುಕಿ ನೋಡಿ. ಅವು ಎಲ್ಲೆಲ್ಲಿ ಮೂಲೆಯ ಬರಹವಾಗಿ ಸೋರಿಹೋಗಿವೆಯೋ ಅಲ್ಲೆಲ್ಲ ನಿಮ್ಮ ಸಿಟ್ಟು ನ್ಯಾಯವಾದದ್ದು.

ಪ್ರಶ್ನೆ: ಕಾದಂಬರಿಯ ಎಷ್ಟೋ ಪ್ರಸಂಗಗಳನ್ನು ಕಾಮಿಕ್ಸ್‌ನಲ್ಲಿ ಕತ್ತರಿಸಿರುತ್ತಾರೆ. ಮೂಲ ಲೇಖಕರಿಗೆ ಇದು ಅನ್ಯಾಯವಲ್ಲವೇ?
— ಶಿಕ್ಷಕರು, ಹಾವೇರಿ

ಉತ್ತರ: ಕತ್ತರಿಸುವುದರಿಂದಲೇ ಅನ್ಯಾಯವಾಗುವುದಾದರೆ ಅದಕ್ಕೆ ಮೊದಲು ಉತ್ತರ ಕೊಡಬೇಕಾದವನು ನಮ್ಮ ಗದುಗಿನ ಕುಮಾರವ್ಯಾಸ. ಕೋಳಿವಾಡದ ಈ ಕವಿ ವೀರನಾರಾಯಣನ ಸನ್ನಿಧಿಯಲ್ಲಿ ವ್ಯಾಸಭಾರತವನ್ನು ಭಾಮಿನಿ ಷಟ್ಪದಿಗೆ ತಂದಾಗ ಹದಿನೆಂಟು ಪರ್ವಗಳಲ್ಲಿ ಹತ್ತನ್ನಷ್ಟೇ ತೆಗೆದುಕೊಂಡ. ಶಾಂತಿಪರ್ವದ ಅಷ್ಟು ದೊಡ್ಡ ಉಪದೇಶ ಭಾಗವನ್ನು ಬಿಟ್ಟ, ಕೌರವನ ಪತನ ಮತ್ತು ಧರ್ಮರಾಯನ ಪಟ್ಟಾಭಿಷೇಕಕ್ಕೆ ಕಾವ್ಯವನ್ನು ನಿಲ್ಲಿಸಿದ. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ತಿಳಿಸುವಂತಹ ಪ್ರಸಂಗದಲ್ಲಿ ಮಾತ್ರ ತನ್ನ ಶಕ್ತಿಯನ್ನೆಲ್ಲ ಸುರಿದ. ನಮ್ಮ ಕಡೆಯ ಊರುಗಳಲ್ಲಿ ಗಮಕಿಗಳು ಆ ಭಾಗವನ್ನು ಹಾಡುವಾಗ ಬಿಟ್ಟ ಪರ್ವಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ಬಿಟ್ಟದ್ದು ಎಷ್ಟು ಎಂದು ಎಣಿಸುವ ಬದಲು, ಉಳಿಸಿಕೊಂಡದ್ದಕ್ಕೆ ಬೇಕಾದಷ್ಟು ಜಾಗ ಸಿಕ್ಕಿತೇ ಎಂದು ನೋಡುವುದು ಮೇಲು. ಏನನ್ನೂ ಬಿಡಲೊಲ್ಲದ ಅಳವಡಿಕೆಯ ಕಷ್ಟವೂ ಕಡಿಮೆಯಲ್ಲ. ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಮಾಲೆಯಲ್ಲಿ ಹದಿನಾಲ್ಕು ಕಾದಂಬರಿಗಳಿವೆ. ಅವುಗಳಲ್ಲಿ ಮೊದಲನೆಯದೊಂದೇ ಕಾಮಿಕ್ಸ್‌ನಲ್ಲಿ ಆರು ಸಂಪುಟಗಳನ್ನು ಹಿಡಿಯಿತು. ಆ ಲೆಕ್ಕದಲ್ಲಿ ಇಡೀ ಮಾಲೆಯನ್ನು ಚಿತ್ರಿಸಲು ಒಬ್ಬ ಕಲಾವಿದನ ಆಯುಷ್ಯ ಸಾಲದು. ಟೋಲ್ಕಿನ್ ಅವರ ‘ದಿ ಹಾಬಿಟ್’ ಕಾದಂಬರಿಯನ್ನು 1989ರಲ್ಲಿ ಡೇವಿಡ್ ವೆನ್ಜೆಲ್ ಜಲವರ್ಣದಲ್ಲಿ ಚಿತ್ರಿಸಿದಾಗ ಮೂಲದ ಗದ್ಯವನ್ನು ಧಾರಾಳವಾಗಿ ಉಳಿಸಿಕೊಳ್ಳಲಾಯಿತು. ಚಿತ್ರಗಳು ಕಣ್ಣಿಗೆ ಹಬ್ಬ, ಆದರೆ ಎಷ್ಟೋ ಪುಟಗಳಲ್ಲಿ ಕಣ್ಣು ಬರಹದಿಂದ ಮೇಲೇಳುವುದೇ ಇಲ್ಲ. ನಿಷ್ಠೆಗೆ ತೆರಬೇಕಾದ ಬೆಲೆ ಅದು, ಅದನ್ನು ಸಂತೋಷದಿಂದ ತೆತ್ತ ಓದುಗರು ಬಹಳ ಮಂದಿ ಇದ್ದಾರೆ.

ಇನ್ನೊಂದು ದಾರಿಯೂ ಇದೆ. ಸ್ಟೀಫನ್ ಕಿಂಗ್ ಅವರ ‘ದಿ ಡಾರ್ಕ್ ಟವರ್’ ಮಾಲೆಯನ್ನು ಮಾರ್ವೆಲ್ ಸಂಸ್ಥೆ 2007ರಲ್ಲಿ ಕೈಗೆತ್ತಿಕೊಂಡಾಗ ಮೊದಲ ಕಾದಂಬರಿಯಿಂದ ಹೊರಡಲಿಲ್ಲ. ನಾಯಕನ ತಾರುಣ್ಯದ ಕಥೆ ಮುಖ್ಯವಾಗಿ ಬರುವುದು ನಾಲ್ಕನೆಯ ಕಾದಂಬರಿಯಲ್ಲಿ, ಅದನ್ನೇ ಮೊದಲಿಗೆ ತಂದರು. ಬರಹದ ಹೊಣೆ ಹೊತ್ತ ಪೀಟರ್ ಡೇವಿಡ್ ಎದುರಿಗೆ ಕುಳಿತು ಕಥೆ ಹೇಳುವ ಹಳ್ಳಿಗನೊಬ್ಬನ ದನಿಯನ್ನು ನಿರೂಪಣೆಗೆ ಕೊಟ್ಟರು, ಜೇ ಲೀ ಅವರ ಕತ್ತಲು ತುಂಬಿದ ಚಿತ್ರಗಳು ಆ ದನಿಗೆ ಒಪ್ಪಿದವು. ಅನುಕ್ರಮವನ್ನು ಮುರಿದರೂ ಕಾದಂಬರಿಯ ಗುಣ ಕೆಡಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಚಿತ್ರಕಲೆಯ ವಿದ್ಯಾರ್ಥಿನಿ. ಪಾತ್ರಗಳ ಮೈಬಣ್ಣ ಬದಲಾಯಿತೆಂದು ಅಭಿಮಾನಿಗಳು ಜಗಳಕ್ಕಿಳಿಯುವುದನ್ನು ನೋಡಿದ್ದೇನೆ. ಮುಖ ಚಿತ್ರಕಾರನ ಸ್ವಾತಂತ್ರ್ಯ ಎನ್ನುವುದಾದರೆ ಬಣ್ಣವೂ ಅಷ್ಟೇ ಅಲ್ಲವೇ?
— ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ಅಲ್ಲ. ಲೇಖಕರು ಬರೆಯದೆ ಬಿಟ್ಟ ಜಾಗ ಮಾತ್ರ ಚಿತ್ರಕಾರರದು. ಅರ್ಸುಲಾ ಕೆ. ಲೆ ಗ್ವಿನ್ ಅವರು 1968ರಲ್ಲಿ ಪ್ರಕಟಿಸಿದ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಕಾದಂಬರಿಯ ನಾಯಕ ಗೆಡ್‌ನ ಮೈಬಣ್ಣ ಕೆಂಪು ಮಿಶ್ರಿತ ಕಂದು. ಆ ದ್ವೀಪಲೋಕದಲ್ಲಿ ಬಿಳಿಯರು ಅಂಚಿನವರು, ಬಹುಪಾಲು ಜನ ಕಪ್ಪು ಅಥವಾ ಕಂದು ಬಣ್ಣದವರು. ಫ್ಯಾಂಟಸಿಯ ನಾಯಕರೆಲ್ಲ ಬಿಳಿಯರೇ ಆಗಿದ್ದ ಕಾಲದಲ್ಲಿ ಅವರು ತಿಳಿದೇ ಮಾಡಿದ ಆಯ್ಕೆ ಅದು. 2004ರಲ್ಲಿ ಬಂದ ಟಿವಿ ರೂಪಾಂತರದಲ್ಲಿ ಗೆಡ್ ಬಿಳಿಯನಾದಾಗ ಲೆ ಗ್ವಿನ್ ಬಹಿರಂಗವಾಗಿ ಲೇಖನ ಬರೆದು ಪ್ರತಿಭಟಿಸಿದರು. ಅವರು ತೀರಿಕೊಂಡದ್ದು 2018ರಲ್ಲಿ. ಈಚೆಗೆ, 2025ರಲ್ಲಿ, ಫ್ರೆಡ್ ಫೋರ್ಡಮ್ ಅವರು ಅದೇ ಕಾದಂಬರಿಯನ್ನು ಚಿತ್ರರೂಪಕ್ಕೆ ತಂದಾಗ ಗೆಡ್‌ಗೆ ಅವನ ಬಣ್ಣವನ್ನೇ ಕೊಟ್ಟಿದ್ದಾರೆ. ಹಳೆಯ ಓದುಗರಿಗೆ ಇದರಿಂದ ಆದ ಸಮಾಧಾನವನ್ನು ನಾನು ಪೂರ್ತಿಯಾಗಿ ಅರ್ಥಮಾಡಿಕೊಳ್ಳಬಲ್ಲೆ.

ನೀವು ಧಾರವಾಡದಲ್ಲಿ ಕಲಿಯುತ್ತಿರುವವರು. ಹಾಲಭಾವಿಯವರ ಚಿತ್ರಕಲಾ ಶಾಲೆ, ಗದಗದಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಶಾಲೆ, ಇವುಗಳಿಂದಾಗಿ ಎದುರಿಗಿರುವ ಮನುಷ್ಯನನ್ನು ನೋಡಿ ಬರೆಯುವ ಅಭ್ಯಾಸ ಈ ಭಾಗದಲ್ಲಿ ಬೇರೂರಿದೆ. ಕಾದಂಬರಿಯ ಪಾತ್ರವನ್ನು ಬರೆಯುವ ಮುನ್ನ ಆ ಪಾತ್ರದ ಮೈ, ಬಟ್ಟೆ, ಗಾಯ, ವಯಸ್ಸುಗಳ ಬಗ್ಗೆ ಲೇಖಕರು ಹೇಳಿದ ಒಂದೊಂದು ಮಾತನ್ನೂ ಪುಟಸಂಖ್ಯೆಯೊಂದಿಗೆ ಬರೆದಿಟ್ಟುಕೊಳ್ಳಿ. ಉಳಿದುದಕ್ಕೆ ಹುಬ್ಬಳ್ಳಿ ಬಸ್ಸಿನಲ್ಲಿ ಕಂಡ ಮುಖಗಳೇ ನಿಮಗೆ ಮಾದರಿಯಾಗಲಿ.

ಪ್ರಶ್ನೆ: ನಾನು ಮುದ್ರಣಾಲಯದಲ್ಲಿ ಪುಟವಿನ್ಯಾಸದ ಕೆಲಸ ಮಾಡುತ್ತೇನೆ. ಇಂತಹ ಕಾಮಿಕ್ಸ್‌ಗಳು ಕನ್ನಡದಲ್ಲಿ ಬಂದರೆ ಚೆನ್ನಾಗಿರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಅಕ್ಷರ ಕೂರಿಸುವುದು ಸುಲಭವೇ?
— ಓದುಗರು, ಬೆಟಗೇರಿ, ಗದಗ

ಉತ್ತರ: ಈ ಕೆಲಸದ ಕಷ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಇಂಗ್ಲಿಷ್ ಕಾಮಿಕ್ಸ್‌ನ ಮಾತಿನ ಗುಳ್ಳೆಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಎತ್ತರ ಒಂದೇ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ, ಆದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ‘ರಾಷ್ಟ್ರ’, ‘ಶಸ್ತ್ರ’ಗಳಂತಹ ಪದಗಳಲ್ಲಿ ಒತ್ತಿಗೆ ಮತ್ತೊಂದು ಒತ್ತು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ವಿಭಕ್ತಿ, ಕ್ರಿಯಾಪದಗಳು ಕೂಡಿಕೊಂಡು ಪದ ಉದ್ದವಾಗುವುದರಿಂದ ದುಂಡನೆಯ ಗುಳ್ಳೆಯ ಅಗಲವನ್ನು ಒಂದೇ ಪದ ನುಂಗಿಬಿಡುತ್ತದೆ. ಕೊನೆಗೆ ಅಕ್ಷರದ ಗಾತ್ರ ಇಳಿಸುತ್ತಾರೆ, ಓದುವವರು ಕಣ್ಣು ಕಿರಿದು ಮಾಡಬೇಕಾಗುತ್ತದೆ.

ಹಾಗಾಗಿ ಸಿದ್ಧ ಚಿತ್ರಗಳ ಮೇಲೆ ಕನ್ನಡ ಅಕ್ಷರ ಕೂರಿಸುವುದಕ್ಕಿಂತ ಗುಳ್ಳೆಗಳನ್ನು ಹೊಸದಾಗಿ ಬರೆಯಲು ಪ್ರಕಾಶಕರ ಒಪ್ಪಿಗೆ ಪಡೆಯುವುದು ಒಳ್ಳೆಯದು. ಮಾತುಗಳನ್ನೂ ಗುಳ್ಳೆಯ ಅಳತೆ ನೋಡಿಕೊಂಡು ಚಿಕ್ಕದಾಗಿ ಬರೆಯಬೇಕು. ‘ಚಂದಮಾಮ’ ಈ ತೊಡಕಿಗೆ ಸಿಕ್ಕಿಕೊಳ್ಳಲಿಲ್ಲ. ಅಲ್ಲಿ ಕಥೆಯ ಅಚ್ಚು ಬೇರೆ, ಚಿತ್ರ ಬೇರೆ. ಬೆನ್ನ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆವ ವಿಕ್ರಮನನ್ನು ಬರೆದ ಕೆ.ಸಿ. ಶಿವಶಂಕರ್ ಅವರ ರೇಖೆಗೆ ಒಂದೂ ಗುಳ್ಳೆ ಅಡ್ಡ ಬರಲಿಲ್ಲ. ಕಾರ್ಕಳ ಮೂಲದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥಾ’ ಮಾತ್ರ ಗುಳ್ಳೆಯ ದಾರಿಯನ್ನೇ ಹಿಡಿಯಿತು. ಅದರ ಹಳೆಯ ಕನ್ನಡ ಸಂಚಿಕೆಗಳು ಸಿಕ್ಕರೆ ಕಥೆಯನ್ನು ಮರೆತು ಅಕ್ಷರವನ್ನಷ್ಟೇ ನೋಡುತ್ತ ಹೋಗಿ, ಎಲ್ಲಿ ಉಸಿರಾಡಲು ಜಾಗವಿದೆ, ಎಲ್ಲಿ ಇಲ್ಲ ಎಂಬುದು ನಿಮ್ಮಂತಹವರ ಕಣ್ಣಿಗೆ ತಟ್ಟನೆ ಕಾಣುತ್ತದೆ. ಮುದ್ರಣಕ್ಕೆ ಹೆಸರಾದ ನಿಮ್ಮ ಊರಿನಿಂದಲೇ ಒಂದು ಒಳ್ಳೆಯ ಕಾಮಿಕ್ಸ್ ಅಕ್ಷರಶೈಲಿ ಬರಲಿ ಎಂಬುದು ನನ್ನ ಮನಸಾರೆ ಹಾರೈಕೆ.

ಪ್ರಶ್ನೆ: ನನ್ನ ಮಗ ಕಾದಂಬರಿ ಓದದೆ ಅದರ ಕಾಮಿಕ್ಸ್ ಮಾತ್ರ ಓದುತ್ತಾನೆ. ತಡೆಯಬೇಕೇ?
— ತಾಯಿ, ರಾಣೆಬೆನ್ನೂರು

ಉತ್ತರ: ತಡೆಯಬೇಡಿ, ಆದರೆ ಅವನ ಕೈಯಲ್ಲಿರುವುದು ಯಾವ ಮಾಲೆ ಎಂದು ಮೊದಲು ನೋಡಿ. ಮೇಲೆ ಹೇಳಿದ ಮಾರ್ಟಿನ್ ಅವರ ಕಥೆಯಲ್ಲಿ ಕ್ರೌರ್ಯವಿದೆ, ಲೈಂಗಿಕ ಪ್ರಸಂಗಗಳಿವೆ. ಚಿತ್ರವಿದ್ದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕವಾಗುವುದಿಲ್ಲ. ಹತ್ತು-ಹನ್ನೆರಡರ ವಯಸ್ಸಿನವನಾದರೆ ‘ದಿ ಹಾಬಿಟ್’ ಅಥವಾ ರಿಕ್ ರಿಯೋರ್ಡನ್ ಅವರ ಪರ್ಸಿ ಜ್ಯಾಕ್ಸನ್ ಕಥೆಗಳ ಕಾಮಿಕ್ಸ್ ಕೊಡಬಹುದು. ಮೂಲ ಕಾದಂಬರಿಯನ್ನೂ ಮನೆಯಲ್ಲಿ ಅವನ ಕಣ್ಣಿಗೆ ಬೀಳುವ ಕಡೆ ಇಡಿ, ಓದು ಎಂದು ಒತ್ತಾಯಿಸಬೇಡಿ. ಕಾಮಿಕ್ಸ್‌ನಲ್ಲಿ ಅವನಿಗೆ ತುಂಬ ಹಿಡಿಸಿದ ಪುಟ ಯಾವುದೆಂದು ಕೇಳಿ, ಅದೇ ಪ್ರಸಂಗವನ್ನು ಕಾದಂಬರಿಯಿಂದ ಒಂದು ಸಂಜೆ ನೀವೇ ಗಟ್ಟಿಯಾಗಿ ಓದಿ ಹೇಳಿ. ಚಿತ್ರದಲ್ಲಿ ಇಲ್ಲದ್ದು ಅಲ್ಲಿ ಏನಿತ್ತು ಎಂದು ಅವನನ್ನೇ ಕೇಳಿ.