ಗೆಲ್ಲಿಸಿದ ಊರೇ ಇಳಿಸಿದ ಮೇಲೂ ಸ್ಪೀಕರ್ ಆದದ್ದು ಹೇಗೆ?

ಓದುಗರ ಪತ್ರ: ತೈವಾನ್ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ, ಅಲ್ಲಿನ ಸಂಸತ್ತಿನ ಸ್ಪೀಕರ್ ಹಾನ್ ಕುವೊ-ಯು ಹಿಂದೆ ಕಾವೋಶಿಯುಂಗ್ ನಗರದ ಮೇಯರ್ ಆಗಿದ್ದರು, ಮತದಾರರೇ ಅವರನ್ನು ಅವಧಿಗೆ ಮುನ್ನ ಮನೆಗೆ ಕಳಿಸಿದರು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸುಮಾರು 9 ಲಕ್ಷ ಮತ ಪಡೆದವರನ್ನು ಒಂದೂವರೆ ವರ್ಷದಲ್ಲಿ ಇಳಿಸುವುದೆಂದರೆ ಹೇಗೆ? ಇಳಿಸಿದ ಅದೇ ಜನ ಮತ್ತೆ ಸ್ಪೀಕರ್ ಕುರ್ಚಿಯ ಮೇಲೆ ಕೂರಿಸಿದರೇ? ಅಲ್ಲಿನ ಮತದಾರ ಅಷ್ಟೊಂದು ಚಂಚಲನೇ? — ಶಿವಮೊಗ್ಗದ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರದ 'ಅದೇ ಜನ' ಎಂಬ ಮಾತಿನಲ್ಲೇ ತೊಡಕಿದೆ. ಹಾನ್ ಅವರನ್ನು ಮೇಯರ್ ಮಾಡಿದ್ದು ಒಂದು ಬಗೆಯ ಮತಪದ್ಧತಿ, ಇಳಿಸಿದ್ದು ಇನ್ನೊಂದು, ಸಂಸತ್ತಿಗೆ ಕಳಿಸಿದ್ದು ಮತ್ತೊಂದು. ಅವರ ಮೂವತ್ತೈದು ವರ್ಷಗಳ ಏಳುಬೀಳಿನಲ್ಲಿ ಜನಪ್ರಿಯತೆಯ ಪಾಲು ಇಲ್ಲವೆಂದಲ್ಲ. ಆದರೆ ಯಾವ ಬಾಗಿಲಿಗೆ ಎಷ್ಟು ಮತ ಸಾಕು ಎಂಬ ಲೆಕ್ಕ ಹಿಡಿದು ಹೊರಟರೆ ಕಥೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

ಹಾನ್ ಹುಟ್ಟಿದ್ದು 1957ರಲ್ಲಿ, ತೈಪೆ ಕೌಂಟಿಯಲ್ಲಿ. ಚೀನಾದ ಮುಖ್ಯಭೂಮಿಯಿಂದ ಬಂದ ಸೈನಿಕ ಕುಟುಂಬ. 1990ರಲ್ಲಿ ಅದೇ ಕೌಂಟಿಯ ಪರಿಷತ್ತಿಗೆ ಸದಸ್ಯರಾದರು, 1993ರಿಂದ 2002ರವರೆಗೆ ಕುವೊಮಿಂಟಾಂಗ್ ಪಕ್ಷದಿಂದ ರಾಷ್ಟ್ರೀಯ ಸಂಸತ್ತಿನಲ್ಲಿದ್ದರು. ಆಗ ಎರಡೂ ಕಡೆ ಒಂದು ಕ್ಷೇತ್ರಕ್ಕೆ ಹಲವು ಸ್ಥಾನ, ಮತದಾರನಿಗೆ ಮಾತ್ರ ಒಂದೇ ಮತ. ಹತ್ತು ಸ್ಥಾನದ ಕ್ಷೇತ್ರವೆಂದರೆ ನೂರಕ್ಕೆ ಒಂಬತ್ತು ಹತ್ತು ಮತ ಬಿದ್ದವನೂ ಗೆದ್ದ. ಊರೆಲ್ಲ ಒಪ್ಪಬೇಕಿಲ್ಲ, ತನ್ನವರು ಕೈಬಿಡದಿದ್ದರೆ ಸಾಕು. ಅಂಥ ಪದ್ಧತಿಯಲ್ಲಿ ಮೆತ್ತಗಿನ ಮಾತಿಗಿಂತ ಏರಿದ ದನಿಗೇ ಬೆಲೆ. 1993ರಲ್ಲಿ ನಿವೃತ್ತ ಸೈನಿಕರ ವಿಷಯ ಚರ್ಚೆಗೆ ಬಂದಾಗ ಹಾನ್ ಮೇಜು ಉರುಳಿಸಿ ವಿರೋಧ ಪಕ್ಷದ ಸಂಸದ ಚೆನ್ ಶುಯ್-ಬಿಯನ್ ಅವರನ್ನು ಹೊಡೆದರು, ಚೆನ್ ಆಸ್ಪತ್ರೆ ಸೇರಿದರು. ಹೊಡೆಸಿಕೊಂಡವರು 2000ರಲ್ಲಿ ದೇಶದ ಅಧ್ಯಕ್ಷರಾದರು. ಹೊಡೆದವರು ಅದಾದ ಎರಡು ವರ್ಷಕ್ಕೆ ಸಂಸತ್ತಿನಿಂದ ಹೊರಬಿದ್ದರು. ಸ್ಥಳೀಯ ಪರಿಷತ್ತುಗಳಲ್ಲಿ ಈ ಪದ್ಧತಿ ಇಂದಿಗೂ ಇದೆ. ಸಂಸತ್ತಿನಲ್ಲಿ 2008ರ ಚುನಾವಣೆಯಿಂದ ಹೋಯಿತು.

ಮುಂದಿನ ಹತ್ತು ವರ್ಷದಲ್ಲಿ ಹೇಳುವಂಥದ್ದು ಕಡಿಮೆ. ಝೋಂಗ್‌ಹೆ ಎಂಬಲ್ಲಿ ಸ್ವಲ್ಪ ಕಾಲ ಉಪಮೇಯರ್ ಆಗಿದ್ದರು, ಅಷ್ಟೇ. 2013ರಲ್ಲಿ ಸಿಕ್ಕ ಕೆಲಸ ಮಾತ್ರ ಮುಖ್ಯ: ತೈಪೆ ಕೃಷಿ ಉತ್ಪನ್ನ ಮಾರಾಟ ಕಂಪನಿಯ ಜನರಲ್ ಮ್ಯಾನೇಜರ್. ರಾಜಧಾನಿಯ ಎರಡು ದೊಡ್ಡ ಸಗಟು ಹಣ್ಣು-ತರಕಾರಿ ಮಾರುಕಟ್ಟೆ ನಡೆಸುವುದು ಈ ಕಂಪನಿ. ನಗರ ಸರ್ಕಾರಕ್ಕೂ ಕೇಂದ್ರದ ಕೃಷಿ ಇಲಾಖೆಗೂ ತಲಾ ಕಾಲುಭಾಗಕ್ಕಿಂತ ತುಸು ಕಡಿಮೆ ಷೇರು. ಉಳಿದ ಷೇರುದಾರರಲ್ಲಿ ರೈತ ಸಂಘಗಳದ್ದು ದೊಡ್ಡ ಕೈ. ಹಾಗಾಗಿ ಆ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದರಲ್ಲಿ ಹಳ್ಳಿಗಾಡಿನ ರೈತ ಸಂಘಗಳ ಮಾತು ನಡೆಯುತ್ತದೆ. ಹೆಚ್ಚಿನ ತರಕಾರಿ ಬರುವುದು ಯುನ್‌ಲಿನ್ ಕೌಂಟಿಯಿಂದ. ಹಾನ್ ಪತ್ನಿ ಅಲ್ಲಿಯ ಪರಿಷತ್ ಸದಸ್ಯೆಯಾಗಿದ್ದವರು, ಅಲ್ಲಿನ ಹಳೆಯ ರಾಜಕೀಯ ಮನೆತನದ ಬೆಂಬಲವೂ ಇತ್ತು. 'ತರಕಾರಿ ಮಾರುವವನು' ಎಂದು ಅವರು ಮುಂದೆ ಹೇಳಿಕೊಂಡು ತಿರುಗಿದ್ದು ಈ ನಾಲ್ಕು ವರ್ಷದ ನೌಕರಿಯ ಬಲದ ಮೇಲೆ.

2017ರ ಮೇ ತಿಂಗಳಲ್ಲಿ ಪಕ್ಷದ ಅಧ್ಯಕ್ಷಗಿರಿಗೆ ನಿಂತು ಶೇ. 6ರಷ್ಟು ಮತವನ್ನೂ ಪಡೆಯದೆ ಸೋತರು. ಗೆದ್ದ ವೂ ಡೆನ್-ಯಿ ಅವರ ಕಾಲದಲ್ಲೇ ಕಾವೋಶಿಯುಂಗ್ ಪಕ್ಷ ಘಟಕದ ಹೊಣೆ ಇವರ ಹೆಗಲಿಗೆ ಬಂತು. ಪಕ್ಷದೊಳಗೆ ಅದನ್ನು ಯಾರೂ ಬಡ್ತಿ ಎಂದುಕೊಂಡಿರಲಾರರು. 1998ರಲ್ಲಿ ಇದೇ ವೂ, ಮೇಯರ್ ಆಗಿದ್ದುಕೊಂಡೇ, ಕೇವಲ 4,565 ಮತಗಳಿಂದ ಎದುರಾಳಿ ಡಿಪಿಪಿ (ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಾರ್ಟಿ) ಪಕ್ಷಕ್ಕೆ ಕಾವೋಶಿಯುಂಗ್ ಕಳೆದುಕೊಂಡಿದ್ದರು. ಆಮೇಲೆ ಇಪ್ಪತ್ತು ವರ್ಷ ಆ ಊರು ಕುವೊಮಿಂಟಾಂಗ್ ಕೈಗೆ ಸಿಕ್ಕಿರಲಿಲ್ಲ.

ಇಲ್ಲೊಂದು ಮಾತು. ಮೇಯರ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಪಾಲಿಕೆ ಸದಸ್ಯರು ವರ್ಷಕ್ಕೊಬ್ಬರಂತೆ ಆರಿಸುತ್ತಿದ್ದ ಬೆಂಗಳೂರಿನ ಮೇಯರ್. ಕಾವೋಶಿಯುಂಗ್‌ನದು ಹಾಗಲ್ಲ. ದೇಶದ ಆರು ವಿಶೇಷ ನಗರಗಳಲ್ಲಿ ಅದೂ ಒಂದು, 38 ಜಿಲ್ಲೆ, 27 ಲಕ್ಷಕ್ಕೂ ಮೀರಿದ ಜನ. ಮೇಯರ್‌ನನ್ನು ಜನ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಉಪಮೇಯರ್‌ಗಳನ್ನೂ ಹೆಚ್ಚಿನ ಇಲಾಖಾ ಮುಖ್ಯಸ್ಥರನ್ನೂ ಅವರೇ ನೇಮಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಪುಟ್ಟ ಮುಖ್ಯಮಂತ್ರಿ ಎನ್ನಬಹುದು.

2018ರ ಪ್ರಚಾರದಲ್ಲಿ ಹಾನ್ ಒಂದು ಬಾಟಲಿ ನೀರು, ಒಂದು ಬಟ್ಟಲು ಹಂದಿಮಾಂಸದ ಅನ್ನ ಸಾಕು ಎಂದರು. ಸರಕು ಹೊರಹೋಗಬೇಕು, ಜನ ಒಳಬರಬೇಕು, ಕಾವೋಶಿಯುಂಗ್ ದುಡ್ಡು ಮಾಡಬೇಕು ಎಂಬುದೇ ಅವರ ಘೋಷಣೆ. ಫೆಂಗ್‌ಶಾನ್, ಚಿಶಾನ್, ಗಾಂಗ್‌ಶಾನ್ ಸಭೆಗಳಿಗೆ ಜನ ಹರಿದುಬಂದರು. ನವೆಂಬರ್ 24ರಂದು 8,92,545 ಮತ ಬಿತ್ತು, ಎದುರಾಳಿ, ಡಿಪಿಪಿಯ ಚೆನ್ ಚಿ-ಮಾಯ್‌ಗೆ 7,42,239.

ಹತ್ತು ವರ್ಷದಲ್ಲಿ ಜನಸಂಖ್ಯೆ 50 ಲಕ್ಷಕ್ಕೇರುತ್ತದೆ, ಪ್ರೇಮನದಿಯ ದಡದಲ್ಲಿ ಜೈಂಟ್ ವ್ಹೀಲ್ ಬರುತ್ತದೆ, ತೈಪಿಂಗ್ ದ್ವೀಪದಲ್ಲಿ ಎಣ್ಣೆ ತೆಗೆಯುತ್ತೇವೆ: ಇಂಥ ಭರವಸೆಗಳನ್ನು ಈಡೇರಿಸಲು ಇಡೀ ಅವಧಿಯೂ ಸಾಲದು. ಹಾನ್ ಅಷ್ಟು ಸಮಯವನ್ನೂ ಕೊಡಲಿಲ್ಲ. 2019ರ ಜುಲೈನಲ್ಲಿ ಪಕ್ಷದ ಸಮೀಕ್ಷೆಯಲ್ಲಿ ಉದ್ಯಮಿ ಟೆರ್ರಿ ಗೋ ಅವರನ್ನು ಹಿಂದೆ ಹಾಕಿ ರಾಷ್ಟ್ರಾಧ್ಯಕ್ಷ ಅಭ್ಯರ್ಥಿಯಾದರು, ಅಕ್ಟೋಬರ್ ಮಧ್ಯದಲ್ಲಿ ಮೂರು ತಿಂಗಳು ರಜೆ ಹಾಕಿ ಪ್ರಚಾರಕ್ಕೆ ಹೊರಟರು. ಮೇಯರ್ ಕುರ್ಚಿಗೆ ಬಂದು ಹತ್ತು ತಿಂಗಳೂ ಆಗಿರಲಿಲ್ಲ. ನಮ್ಮ ಅಂದಾಜಿನಲ್ಲಿ ಊರಿನವರಿಗೆ ಹೆಚ್ಚು ನೋವು ಕೊಟ್ಟದ್ದು ಸುಳ್ಳಾದ ಭರವಸೆಗಳಿಗಿಂತ ಈ ರಜೆ. 2020ರ ಜನವರಿ 11ರಂದು ಆಗಿನ ರಾಷ್ಟ್ರಾಧ್ಯಕ್ಷೆ, ಡಿಪಿಪಿಯ ತ್ಸಾಯ್ ಇಂಗ್-ವೆನ್ ಎದುರು ದೊಡ್ಡ ಅಂತರದಲ್ಲಿ ಸೋತರು. ತಾವು ಮೇಯರ್ ಆಗಿದ್ದ ಕಾವೋಶಿಯುಂಗ್‌ನಲ್ಲೇ ತ್ಸಾಯ್‌ಗೆ ಸುಮಾರು 11 ಲಕ್ಷ, ಇವರಿಗೆ ಸುಮಾರು 6.1 ಲಕ್ಷ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಇಳಿಸುವುದು ಹೇಗೆ. ಅಧಿಕಾರ ವಹಿಸಿಕೊಂಡು ಒಂದು ವರ್ಷ ತುಂಬುವ ತನಕ ಯಾರ ಮೇಲೂ ರೀಕಾಲ್ (ಗೆದ್ದವರನ್ನು ಅವಧಿಗೆ ಮುನ್ನ ಇಳಿಸಲು ಮತದಾರರೇ ಹಾಕುವ ಮತ) ತರುವಂತಿಲ್ಲ. ಹಾನ್ ಪ್ರಮಾಣವಚನ 2018ರ ಡಿಸೆಂಬರ್ 25ರಂದು. ಅರ್ಜಿ ಕೇಂದ್ರ ಚುನಾವಣಾ ಆಯೋಗಕ್ಕೆ ಹೋದದ್ದು 2019ರ ಡಿಸೆಂಬರ್ 26ರಂದು. ಒಂದು ದಿನವೂ ತಡಮಾಡಲಿಲ್ಲ. ಮೊದಲ ಹಂತದಲ್ಲಿ, ಆ ಹುದ್ದೆಗೆ ಚುನಾವಣೆ ನಡೆದಾಗಿನ ಮತದಾರರ ಶೇ. 1 ಜನ ಪ್ರಸ್ತಾವಕ್ಕೆ ಸಹಿ ಹಾಕಬೇಕು, ಇಲ್ಲಿ 22,814. ಅದು ಪಾಸಾದರೆ 60 ದಿನದೊಳಗೆ ಶೇ. 10, ಅಂದರೆ 2,28,134 ಸಹಿ. ಮೊದಲ ಹಂತಕ್ಕೆ ಸಹಿ ಹಾಕಿದವರು ಎರಡನೆಯದಕ್ಕೆ ಹಾಕುವಂತಿಲ್ಲ, ಹಾಕಿದರೆ ಆ ಸಹಿ ಲೆಕ್ಕಕ್ಕಿಲ್ಲ. ಆಗ ಎಲ್ಲ ಕಾಗದದ ಮೇಲೆ: ಹೆಸರು, ಗುರುತಿನ ಸಂಖ್ಯೆ, ಮನೆ ನೋಂದಣಿಯಲ್ಲಿರುವ ವಿಳಾಸ, ಸಹಿ ಅಥವಾ ಮೊಹರು. ಸಹಿ ತಿರಸ್ಕೃತವಾಗಲು ವಿಳಾಸವೂ ಒಂದು ಕಾರಣ. ಜನ ತಾವಿರುವ ಬಾಡಿಗೆ ಮನೆಯ ವಿಳಾಸ ಬರೆದುಬಿಡುತ್ತಾರೆ. ಪರಿಶೀಲನೆಯಲ್ಲಿ ನೋಡುವುದು ನೋಂದಣಿಯಲ್ಲಿರುವ ವಿಳಾಸವನ್ನು. ಅದಕ್ಕೇ ಈ ಕೆಲಸದಲ್ಲಿ ಪಳಗಿದ ಗುಂಪುಗಳು ಬೇಕಾದ್ದಕ್ಕಿಂತ ಹೆಚ್ಚೇ ಸಹಿ ಕೂಡಿಸುತ್ತವೆ. ಹಾನ್ ವಿರುದ್ಧ ಊರ್ಜಿತವಾದದ್ದು 3.7 ಲಕ್ಷಕ್ಕೂ ಹೆಚ್ಚು.

ವರ್ಷ ತುಂಬುವ ಮೊದಲೇ ಸಹಿ ಸಂಗ್ರಹಿಸಿದ್ದರು, ಆದ್ದರಿಂದ ಎಲ್ಲ ಅಸಿಂಧು ಎಂದು ಹಾನ್ ಕಡೆಯವರು ಕೋರ್ಟಿಗೆ ಹೋದರು. ತಡೆಯಾಜ್ಞೆ ಸಿಗಲಿಲ್ಲ.

ಮತದಾನಕ್ಕೆ ಎರಡು ಷರತ್ತು. ಇಳಿಸಬೇಕೆನ್ನುವ ಮತ ಬೇಡವೆನ್ನುವ ಮತಕ್ಕಿಂತ ಹೆಚ್ಚಿರಬೇಕು, ಜೊತೆಗೆ ಅದು ಒಟ್ಟು ಮತದಾರರ ಕಾಲುಭಾಗ ಮುಟ್ಟಬೇಕು. ಈ ಕಾಲುಭಾಗದ ಲೆಕ್ಕ ಮಾತ್ರ ರೀಕಾಲ್ ದಿನದ ಪಟ್ಟಿಯ ಮೇಲೆ: 22,99,981 ಮತದಾರರಲ್ಲಿ 5,74,996. 2016ಕ್ಕೆ ಮೊದಲು ಕಾನೂನು ಇನ್ನೂ ಬಿಗಿಯಾಗಿತ್ತು. ಸಹಿ ಶೇ. 2 ಮತ್ತು 13 ಬೇಕಿತ್ತು, ಅರ್ಧದಷ್ಟು ಮತದಾರರು ಮತಗಟ್ಟೆಗೆ ಬರಬೇಕಿತ್ತು, ರೀಕಾಲ್ ಪರ ಪ್ರಚಾರ ಮಾಡುವಂತೆಯೂ ಇರಲಿಲ್ಲ. 2015ರ ಫೆಬ್ರವರಿಯಲ್ಲಿ ತೈಪೆಯ ಸಂಸದರೊಬ್ಬರ ಮೇಲಿನ ರೀಕಾಲ್‌ಗೆ ಬಂದವರು ಶೇ. 24.98. ಬಂದವರಲ್ಲಿ ಬಹುತೇಕ ಎಲ್ಲರೂ ಇಳಿಸಿ ಎಂದರೂ ಅವರಿಗೆ ಏನೂ ಆಗಲಿಲ್ಲ.

ಹಾನ್ ತಂಡ ಎಡವಿದ್ದು ಇಲ್ಲೇ ಎನ್ನುವುದು ನಮ್ಮ ಅಭಿಪ್ರಾಯ. ಬೆಂಬಲಿಗರು ಮತ ಹಾಕಲು ಹೋಗುವುದು ಬೇಡ ಎಂದು ಅವರು ಕರೆ ಕೊಟ್ಟರು. ಮನೆಯಲ್ಲೇ ಉಳಿಯುವುದು ಹಳೆಯ ಕಾನೂನಿಗೆ ತಕ್ಕ ತಂತ್ರ. ಆಗ ಬಂದವರ ಸಂಖ್ಯೆಯೇ ಎಲ್ಲ. ಹೊಸ ಕಾನೂನಿನಲ್ಲಿ ನೀವು ಬರಲಿ ಬಿಡಲಿ, ಎದುರಿನವರಿಗೆ ಬೇಕಾದದ್ದು 5,74,996. ನೀವು ಮನೆಯಲ್ಲಿದ್ದರೆ ಮೊದಲ ಷರತ್ತನ್ನು ಅವರಿಗೆ ಪುಕ್ಕಟೆ ಕೊಟ್ಟಂತೆ. ಹಾಗೆಂದು ಲೆಕ್ಕವಿಲ್ಲದ ಹುಂಬತನವೂ ಅಲ್ಲ. ಒಂದೇ ಬಣದವರು ಹೋಗುವ ಮತಗಟ್ಟೆಗೆ ಕಾಲಿಟ್ಟವನ ಮತ ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ. ನಾಲ್ಕು ಜನರ ಕಣ್ಣಿಗೆ ಬೀಳುವ ಮುಜುಗರಕ್ಕೆ ಕೆಲವರಾದರೂ ಹಿಂಜರಿಯಲಿ ಎಂಬುದೇ ಅದರ ಒಳಸುಳಿ.

2020ರ ಜೂನ್ 6, ಶನಿವಾರ. ತೈವಾನಿನಲ್ಲಿ ಅಂಚೆ ಮತವಿಲ್ಲ, ನೋಂದಣಿ ಇರುವ ಊರಿಗೇ ಖುದ್ದಾಗಿ ಬರಬೇಕು. ಉತ್ತರದಲ್ಲಿ ಕೆಲಸಕ್ಕಿದ್ದ ಯುವಕರು ರೈಲು ಹತ್ತಿ ದಕ್ಷಿಣಕ್ಕೆ ಬಂದರು. ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಮತದಾನ, ಅದು ಮುಗಿದ ಕೂಡಲೇ ಅದೇ ಕೋಣೆಯಲ್ಲಿ ಎಣಿಕೆ. ಒಬ್ಬ ಸಿಬ್ಬಂದಿ ಒಂದೊಂದೇ ಮತಪತ್ರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು 'ಒಪ್ಪಿಗೆ, ಒಂದು ಮತ' ಎಂದು ಕೂಗುತ್ತಾರೆ. ಇನ್ನೊಬ್ಬರು ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಐದು ಗೆರೆಯ ಒಂದು ಚೀನೀ ಅಕ್ಷರವನ್ನು ಮತಕ್ಕೊಂದು ಗೆರೆಯಂತೆ ಬರೆಯುತ್ತ ಹೋಗುತ್ತಾರೆ. ಐದು ಮತಕ್ಕೆ ಒಂದು ಅಕ್ಷರ ಪೂರ್ತಿ. ಯಾರು ಬೇಕಾದರೂ ನಿಂತು ನೋಡಬಹುದು. ಅಂದು ಗೋಡೆಯ ಒಂದೇ ಪಕ್ಕ ತುಂಬುತ್ತ ಹೋಯಿತು: ಇಳಿಸಿ ಎಂದವರು 9,39,090, ಬೇಡ ಎಂದವರು 25,051. ಮತದಾನ ಶೇ. 42.14. ಹಳೆಯ ಕಾನೂನಿದ್ದಿದ್ದರೆ ಹಾನ್ ಪಾರಾಗುತ್ತಿದ್ದರು.

ಆದರೆ ಇಳಿಸಿದ ಮತ ಅವರನ್ನು ಗೆಲ್ಲಿಸಿದ ಮತಕ್ಕಿಂತ 46,545 ಹೆಚ್ಚು. ಜನವರಿಯಲ್ಲಿ ಅವರಿಗೆ ಹಾಕಿದ 6.1 ಲಕ್ಷ ಜನ ಒಬ್ಬರೂ ಬಿಡದೆ ಬಂದಿದ್ದರೂ ಸಾಲುತ್ತಿರಲಿಲ್ಲ. ತಂತ್ರ ತಪ್ಪಿತ್ತು ನಿಜ, ಸೋಲು ತಂತ್ರದಿಂದಲೇ ಬಂತು ಎನ್ನಲಾಗದು. ತೈವಾನಿನಲ್ಲಿ ರೀಕಾಲ್‌ನಿಂದ ಪದಚ್ಯುತರಾದ ಮೊದಲ ಮೇಯರ್ ಅವರು. ಆಗಸ್ಟ್‌ನ ಉಪಚುನಾವಣೆಯಲ್ಲಿ ಚೆನ್ ಚಿ-ಮಾಯ್ ಶೇ. 70 ಮತ ಪಡೆದು ಗೆದ್ದರು.

ಇಳಿಸಲ್ಪಟ್ಟವರು ಅದೇ ಕ್ಷೇತ್ರದ ಅದೇ ಹುದ್ದೆಗೆ ನಾಲ್ಕು ವರ್ಷ ನಿಲ್ಲುವಂತಿಲ್ಲ. ಬೇರೆ ಹುದ್ದೆಗೆ ಅಡ್ಡಿಯಿಲ್ಲ. 2024ರ ಜನವರಿಯ ಸಂಸತ್ ಚುನಾವಣೆಯಲ್ಲಿ ಕುವೊಮಿಂಟಾಂಗ್ ತನ್ನ ಪಕ್ಷಪಟ್ಟಿಯ ಮೊದಲ ಹೆಸರಾಗಿ ಅವರನ್ನು ಹಾಕಿತು. 113 ಸ್ಥಾನಗಳಲ್ಲಿ 34 ಹೀಗೆ ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲಿ ಹಂಚಿಕೆಯಾಗುವಂಥವು, ಶೇ. 5 ದಾಟಿದ ಪಕ್ಷಕ್ಕೆ ಪಾಲು ಸಿಗುತ್ತದೆ. ದೊಡ್ಡ ಪಕ್ಷದ ಪಟ್ಟಿಯಲ್ಲಿ ಮೊದಲ ಹೆಸರೆಂದರೆ ಗೆಲುವು ಖಚಿತ, ಕಾವೋಶಿಯುಂಗ್ ಏನೆನ್ನುತ್ತದೆ ಎಂಬುದು ಅಲ್ಲಿ ಮುಖ್ಯವಲ್ಲ. ಕುವೊಮಿಂಟಾಂಗ್‌ಗೆ 52, ಡಿಪಿಪಿಗೆ 51 ಸ್ಥಾನ ಬಂದವು. ಫೆಬ್ರವರಿ 1ರಂದು 54 ಮತದಿಂದ ಹಾನ್ ಸ್ಪೀಕರ್ ಆದರು, ಡಿಪಿಪಿಯ ಅಭ್ಯರ್ಥಿಗೆ 51. ಸ್ಪೀಕರ್‌ನನ್ನು ಆರಿಸುವವರು ಸಂಸದರು. ನಿಮ್ಮ 'ಅದೇ ಜನ' ಅಲ್ಲಿ ಇರಲೇ ಇಲ್ಲ.

2025ರಲ್ಲಿ ಕುವೊಮಿಂಟಾಂಗ್ ಸಂಸದರ ಮೇಲೆ ಸಾಲುಸಾಲು ರೀಕಾಲ್ ಬಂದವು: ಜುಲೈ 26ರಂದು 24 ಜನ, ಆಗಸ್ಟ್ 23ರಂದು ಇನ್ನೂ 7 ಜನ. ಈ ಸಲ ಪಕ್ಷ ಮನೆಯಲ್ಲಿರಿ ಎನ್ನಲಿಲ್ಲ, ಬಂದು 'ಒಪ್ಪುವುದಿಲ್ಲ' ಎಂಬಲ್ಲಿ ಮುದ್ರೆ ಒತ್ತಿ ಎಂದಿತು. ಕೆಲವು ಕಡೆ ಇಳಿಸಿ ಎನ್ನುವ ಮತ ಕಾಲುಭಾಗ ದಾಟಿತು, ಬೇಡ ಎನ್ನುವ ಮತ ಅದಕ್ಕಿಂತ ಹೆಚ್ಚು ಬಿತ್ತು. 31 ಮಂದಿಯೂ ಉಳಿದುಕೊಂಡರು. ಅವರೆಲ್ಲ ಕ್ಷೇತ್ರದಿಂದ ಗೆದ್ದ ಸಂಸದರು. ಪಕ್ಷಪಟ್ಟಿಯಿಂದ ಬಂದವರಿಗೆ ರೀಕಾಲ್ ಕಾನೂನು ಅನ್ವಯಿಸುವುದಿಲ್ಲ, ಹಾಗಾಗಿ ಸ್ಪೀಕರ್ ಹೆಸರು ಆ ಪಟ್ಟಿಯಲ್ಲಿ ಬರುವ ಪ್ರಶ್ನೆಯೇ ಇರಲಿಲ್ಲ. ಕಾವೋಶಿಯುಂಗ್ ಮೇಯರ್ ಹುದ್ದೆಗೆ ಅವರ ಮೇಲಿದ್ದ ನಾಲ್ಕು ವರ್ಷದ ನಿಷೇಧವೂ 2024ರ ಜೂನ್‌ನಲ್ಲಿ ಮುಗಿದಿದೆ.