ಅಜ್ಜನ ಟ್ರಂಕು ಲೈಬ್ರರಿಗೆ ಕೊಡುವ ಮೊದಲು

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಯಕ್ಷಗಾನದ ಹ್ಯಾಂಡ್‌ಬಿಲ್‌ಗಳು, ಗೇಣಿ ಚೀಟಿಗಳು, ಊರ ಶಾಲೆಯ ಸ್ಮರಣ ಸಂಚಿಕೆ, ಕೆಲವು ಫೋಟೊ ಸಿಕ್ಕಿವೆ. ಒಂದು ಹ್ಯಾಂಡ್‌ಬಿಲ್‌ನಲ್ಲಿ ‘ಜನವರಿ 26, ಶನಿವಾರ’ ಎಂದಿದೆ, ವರ್ಷ ಇಲ್ಲ. ಟಿಕೆಟ್ ದರ ನಯೇ ಪೈಸೆಯಲ್ಲಿದೆ. ಹರಿದದ್ದನ್ನು ಲ್ಯಾಮಿನೇಶನ್ ಮಾಡಿಸಿ ಲೈಬ್ರರಿಗೆ ಕೊಡಬಹುದಾ?
– ಓದುಗರೊಬ್ಬರು, ಉಡುಪಿ

ಉತ್ತರ: ಲ್ಯಾಮಿನೇಶನ್ ಮಾತ್ರ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೊಟೇಪೂ ಬೇಡ, ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ.

ನಿಮ್ಮ ಹ್ಯಾಂಡ್‌ಬಿಲ್ ನೋಡಿ ಖುಷಿಯಾಯಿತು. ಆಟದ ಚೀಟಿ ಹಾಕಿದವರಿಗೆ ವರ್ಷ ಯಾಕೆ ಬೇಕು, ಆಟ ಇದ್ದದ್ದು ಆ ವಾರವೇ ಅಲ್ವಾ! ಆದರೂ ಲೆಕ್ಕ ಸಿಗುತ್ತದೆ. 1950ರಿಂದ 1975ರೊಳಗೆ ಜನವರಿ 26 ಶನಿವಾರ ಬಂದದ್ದು 1952, 1957, 1963, 1974ರಲ್ಲಿ. ರೂಪಾಯಿಗೆ ನೂರರ ಲೆಕ್ಕದ ನಯೇ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯೇ’ ಕಳಚಿ ಬರೀ ಪೈಸೆ ಆದದ್ದು 1964ರಲ್ಲಿ. ಅಂದರೆ ನಿಮ್ಮದು 1963ರ ಆಟ. ಇದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಫೋಟೊಗಳ ಹಿಂದೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಹೆಸರು, ಊರು ಬರೆಯಿರಿ. ಗುರುತು ಹಿಡಿಯುವ ದೊಡ್ಡಮ್ಮನೋ ಮಾವನೋ ಇದ್ದರೆ ಈ ವಾರವೇ ಹೋಗಿ ಕೂರಿ. ಹೆಸರಿಲ್ಲದ ಫೋಟೊ ಲೈಬ್ರರಿಗೆ ಹೋದರೆ ಸುಮ್ನೆ ‘ಹಳೇ ಫೋಟೊ’ ಅಷ್ಟೇ.

ಕೊಡುವುದು ಎಲ್ಲಿಗೆ? ಸ್ಮರಣ ಸಂಚಿಕೆಯನ್ನು ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ. ಊರಿನ ಚರಿತ್ರೆ ಬರೆಯುವವರಿಗೆ ದಪ್ಪ ಪುಸ್ತಕಗಳಿಗಿಂತ ಇಂಥವೇ ಜಾಸ್ತಿ ಉಪಯೋಗ: ಯಾರು ಜಾಗ ಕೊಟ್ಟರು, ಯಾರು ಹೆಡ್‌ಮಾಸ್ಟರು, ಎಲ್ಲ ಅದರಲ್ಲೇ ಇರುತ್ತದೆ. ಬಿಡಿ ಕಾಗದಗಳ ಕಥೆ ಬೇರೆ. ಪುಸ್ತಕವಾದರೆ ರಿಜಿಸ್ಟರಿನಲ್ಲಿ ನಂಬರು ಬೀಳುತ್ತದೆ, ಕಪಾಟು ಸೇರುತ್ತದೆ. ಚೀಟಿಗಳ ಕಟ್ಟು ಕಪಾಟಿನ ಮೇಲೆ ಕೂತು ಒರಲೆಗೆ ಆಹಾರವಾಗುವುದನ್ನು ನಾನೇ ಕಂಡಿದ್ದೇನೆ. ಹಾಗಾಗಿ ಅವನ್ನು ಕೊಡುವ ಮೊದಲು ನಿಮ್ಮ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ವಿಚಾರಿಸಿ. ಮಿಷನ್ ಶಾಲೆ, ಹಂಚಿನ ಕಾರ್ಖಾನೆಯ ಕಾಗದವಿದ್ದರೆ ಮಂಗಳೂರಿನ ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲಿ ಇಲ್ಲಿ ಶಾಲೆ, ಹಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಷನ್ನಿನ ದಾಖಲೆಗಳ ಸಂಗ್ರಹವೇ ಇದೆ. ಎಲ್ಲೇ ಕೊಡಿ, ಎರಡು ಪ್ರತಿ ಪಟ್ಟಿ ಮಾಡಿ ಒಂದಕ್ಕೆ ಸಹಿ, ಸೀಲು ಹಾಕಿಸಿಕೊಳ್ಳಿ.

ಗೇಣಿ ಚೀಟಿ ಮಾತ್ರ ಅವಸರದಲ್ಲಿ ಕೊಡಬೇಡಿ. ಎಷ್ಟು ಮುಡಿ ಅಕ್ಕಿ, ಯಾವ ಗದ್ದೆ, ಯಾರ ಒಕ್ಕಲು ಎಂಬುದೆಲ್ಲ ಅದರಲ್ಲಿರುತ್ತದೆ. 1974ರ ಭೂಸುಧಾರಣೆಯಲ್ಲಿ ಗೇಣಿ ಗದ್ದೆ ಉಳುವ ಒಕ್ಕಲಿಗೇ ಹೋದ ನಂತರ ಎಷ್ಟೋ ಮನೆಗಳಲ್ಲಿ ಈ ಮಾತು ಇನ್ನೂ ಹಸಿಯೇ. ಮನೆಯವರನ್ನೆಲ್ಲ ಕೇಳಿ, ಸದ್ಯಕ್ಕೆ ಜೆರಾಕ್ಸ್ ಕೊಡಿ, ಮೂಲ ನಿಮ್ಮಲ್ಲೇ ಇರಲಿ.

ಹಳೇ ಕಾಗದ ಹುಡುಕುವಾಗ ‘ಉಡುಪಿ ಜಿಲ್ಲೆ’ ಎಂದು ಕೇಳಬೇಡಿ, ಅದು ಹುಟ್ಟಿದ್ದೇ 1997ರಲ್ಲಿ. 1956ಕ್ಕಿಂತ ಹಿಂದಿನದಾದರೆ ಆಗ ಮದ್ರಾಸಿಗೆ ಸೇರಿದ್ದ ‘ಸೌತ್ ಕೆನರಾ’ ಜಿಲ್ಲೆ ಎನ್ನಿ.

ಮಳೆ ಹಿಡಿಯುವ ಮೊದಲು ಟ್ರಂಕನ್ನು ಗೋಡೆಯಿಂದ ದೂರ, ಮಣೆಯ ಮೇಲೆ ಇಡಿ. ಕಾಗದಗಳಿಗೆ ಗಾಳಿ ತೋರಿಸಿ, ಬಿಸಿಲಿಗೆ ಮಾತ್ರ ಹಾಕಬೇಡಿ.