ಹೊನ್ನಾವರದಿಂದ ಕಾರವಾರಕ್ಕೆ ಕಡಲ ದಂಡೆಯಲ್ಲೇ ನಡೆಯಬಹುದೇ?

ಡಿಸೆಂಬರ್‌ನಲ್ಲಿ ಹೊನ್ನಾವರದಿಂದ ಕಾರವಾರದವರೆಗೆ ನಾಲ್ಕು ದಿನ ದಂಡೆ ಹಿಡಿದು ನಡೆಯಬೇಕು, ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಲಿ, ಟೆಂಟ್ ಬೇಕೇ ಎಂದು ಕೇಳಿದ್ದೀರಿ. ನಾನು ಕುಮಟಾ ಕಡೆಯವನು. ಕಿಲೋಮೀಟರ್ ಲೆಕ್ಕ ಆಮೇಲೆ ಇರಲಿ, ಮೊದಲು ನದಿಗಳನ್ನೂ ನೀರಿನ ಏರಿಳಿತವನ್ನೂ ನೋಡಿ ದಿನಗಳನ್ನು ಹಂಚಿಕೊಳ್ಳಿ.

ಎರಡೂ ತುದಿಗಳನ್ನು ಸ್ವಲ್ಪ ಕತ್ತರಿಸಿ. ಅಂಕೋಲೆ ದಾಟಿ ಕಾರವಾರದ ಕಡೆ ಹೋದರೆ ಅರ್ಗಾ, ಬಿಣಗಾ ಸುತ್ತಿನ ತೀರ ನೌಕಾಪಡೆಯ ಕದಂಬ ನೆಲೆಯದು. ಆ ನೆಲೆ ಕಟ್ಟುವ ಸೀಬರ್ಡ್ ಯೋಜನೆಗಾಗಿ ಊರಿಗೆ ಊರೇ ಎದ್ದುಹೋದ ಜಾಗ ಅದು, ಅಲ್ಲಿ ದಂಡೆಯಲ್ಲಿ ನಡೆಯಲು ಆಗದು. ಅಂಕೋಲೆಯಲ್ಲಿ ನಡಿಗೆ ಮುಗಿಸಿ ಕಾರವಾರಕ್ಕೆ ಬಸ್ ಹಿಡಿಯಿರಿ. ಈಚೆ ತುದಿಯಲ್ಲಿ, ಹೊನ್ನಾವರದಿಂದ ಧಾರೇಶ್ವರದವರೆಗೂ ಬಸ್ಸಿನಲ್ಲೇ ಬನ್ನಿ. ನಡುವೆ ಹಳ್ಳದ ಬಾಯಿ ಅಡ್ಡ ಬಂದು ಮತ್ತೆ ಮತ್ತೆ ಹೆದ್ದಾರಿಗೆ ಹತ್ತಬೇಕಾಗುತ್ತದೆ, ಲಾರಿಗಳ ಪಕ್ಕದಲ್ಲಿ ನಡೆಯುವುದರಲ್ಲಿ ಏನೂ ಸುಖವಿಲ್ಲ. ದಕ್ಷಿಣದಿಂದ ಉತ್ತರಕ್ಕೆ ಹೊರಟಿರುವುದು ಸರಿಯಾಗಿದೆ, ಚಳಿಗಾಲದ ಬಿಸಿಲು ಬೆನ್ನಿಗೆ ಬೀಳುತ್ತದೆ.

ಈಗ ಮುಖ್ಯ ವಿಷಯ. ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಹೆಜ್ಜೆ ಸಲೀಸಾಗಿ ಬೀಳುತ್ತದೆ. ಉಬ್ಬರ ಬಂದರೆ ಮೇಲಿನ ಸಡಿಲ ಮರಳಿನ ಇಳಿಜಾರೇ ಗತಿ. ಅಲ್ಲಿ ಪಾದ ಹೂತುಹೋಗುತ್ತದೆ, ಒಂದೇ ಕಾಲಿನ ಮೇಲೆ ಭಾರ ಬಿದ್ದು ಮಂಡಿ ನೋಯುತ್ತದೆ, ಒಂದು ತಾಸಿನ ದಾರಿಗೆ ಎರಡು ತಾಸು ಹಿಡಿಯುತ್ತದೆ. ಹಾಗಾಗಿ ತಾರೀಕು ಗೊತ್ತುಮಾಡುವ ಮುನ್ನ ಪಂಚಾಂಗ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕರಾವಳಿಯಲ್ಲಿ ನೀರು ಹೆಚ್ಚುಕಡಿಮೆ ನಡುಹಗಲಿಗೆ ಏರುತ್ತದೆ, ಬೆಳಗಿನ ಜಾವಕ್ಕೂ ಸಂಜೆಗೂ ಇಳಿಯುತ್ತದೆ. ನೀವು ನಡೆಯಬೇಕಾದ ಹೊತ್ತೂ ಅದೇ. ಮಧ್ಯಾಹ್ನ ಯಾವುದಾದರೂ ಗಾಳಿಮರದ ತೋಪಿನಲ್ಲಿ ಮಲಗಿ. ದಿನಕ್ಕೆ ಸುಮಾರು 50 ನಿಮಿಷ ಈ ಹೊತ್ತು ಮುಂದೆ ಹೋಗುತ್ತದೆ ಎಂಬುದು ನೆನಪಿರಲಿ. ಹೀಗೆ ನಡೆದರೆ ದಿನಕ್ಕೆ 12 ಕಿಲೋಮೀಟರ್ ಧಾರಾಳವಾಯಿತು.

ಕುಮಟಾ ದಾಟಿದ ಮೇಲೆ ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ, ಅಲ್ಲಿಂದ ಅಘನಾಶಿನಿ ಊರು. ಇಡೀ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಭಾಗ. ಗುಡ್ಡದ ಹುಲ್ಲು ಅಷ್ಟು ಹೊತ್ತಿಗೆ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಕೆಳಗೆ ಕಪ್ಪು ಬಂಡೆಗಳು. ಅಲ್ಲಿ ಅಘನಾಶಿನಿ ನದಿ, ಅದರ ಆಚೆ ತದಡಿ. ದಾಟಲು ದೋಣಿಯೇ ಬೇಕು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ವಿಚಾರಿಸಿ. ತಪ್ಪಿದರೆ ಮಿರ್ಜಾನ್ ಕಡೆಯಿಂದ ಹೆದ್ದಾರಿ ಸುತ್ತಿಕೊಂಡು ಬರಬೇಕು.

ತದಡಿಯಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಾಟಿ ಗೋಕರ್ಣ. ಇಲ್ಲಿ ಬಂಡೆಗಳ ಬುಡ ಹಿಡಿದು ಹೋಗಲೇಬೇಡಿ, ಗುಡ್ಡದ ಮೇಲಿನ ಕಾಲುದಾರಿಯಲ್ಲೇ ಹೋಗಿ. ಹಸಿರು ಪಾಚಿ ಕಟ್ಟಿದ ಕಲ್ಲು ಕಣ್ಣಿಗೆ ಕಾಣುತ್ತದೆ, ಕಪ್ಪಗೆ ನುಣ್ಣಗಿರುವ ಪಾಚಿ ಕಾಣುವುದಿಲ್ಲ. ಜಾರಿ ಕೈ ಊರಿದರೆ ಕಲ್ಲಿಗೆ ಅಂಟಿದ ಸಿಂಪಿಯ ಅಂಚು ಅಂಗೈಯನ್ನು ಸೀಳುತ್ತದೆ. ಗೋಕರ್ಣದಿಂದ ಉತ್ತರಕ್ಕೆ ಗಂಗಾವಳಿ ನದಿ. ಇಳಿತದಲ್ಲಿ ಅಳಿವೆಯ ಬಾಯಲ್ಲಿ ಮರಳುದಿಣ್ಣೆ ಎದ್ದು ನಡೆದೇ ದಾಟಬಹುದು ಎನಿಸುತ್ತದೆ. ದಯವಿಟ್ಟು ಆ ಸಾಹಸ ಬೇಡ, ಅಲ್ಲಿನ ಸೆಳೆತಕ್ಕೆ ಈಜು ಬಲ್ಲವರೂ ನಿಲ್ಲುವುದಿಲ್ಲ.

ಟೆಂಟ್ ಬೇಡ. ಕಡಲಾಮೆಗಳು ರಾತ್ರಿ ದಂಡೆಗೆ ಬಂದು ಮೊಟ್ಟೆಯಿಡುವ ಕಾಲವಿದು. ಟಾರ್ಚು, ಬೆಂಕಿ, ಮಾತುಕತೆ ಕಂಡರೆ ಆಮೆ ಮೊಟ್ಟೆಯಿಡದೆ ನೀರಿಗೆ ಮರಳುತ್ತದೆ. ಕುಮಟಾ, ಅಘನಾಶಿನಿ, ಗೋಕರ್ಣದ ಕಡೆ ಮನೆಗಳಲ್ಲೋ ಹೋಂಸ್ಟೇಗಳಲ್ಲೋ ಉಳಿಯಿರಿ. ಚಳಿಯ ಚಿಂತೆಯೂ ಬೇಡ. ಶಿರಸಿಯ ಇಬ್ಬನಿ ಘಟ್ಟದ ಕೆಳಗಿಲ್ಲ, ರಾತ್ರಿಗೆ ಒಂದು ಶಾಲು ಸಾಕು. ಹಗಲಿಗೆ ಟೋಪಿ, ತೋಳು ಮುಚ್ಚುವ ಅಂಗಿ, ಮೂರು ಲೀಟರ್ ನೀರು, ಅವಲಕ್ಕಿ, ಬೆಲ್ಲ ಇರಲಿ.

ದಾರಿಯಲ್ಲಿ ಎಲ್ಲಾದರೂ ರಂಪಣಿ ಬಲೆ (ದಂಡೆಯಲ್ಲಿ ನಿಂತು ಹಲವರು ಹಗ್ಗ ಹಿಡಿದು ಎಳೆಯುವ ದೊಡ್ಡ ಮೀನುಬಲೆ) ಎಳೆಯುತ್ತಿದ್ದರೆ ಹಗ್ಗ ದಾಟಬೇಡಿ, ಎಳೆಯುವವರ ಹಿಂದಿನಿಂದ ಬಳಸಿ ಹೋಗಿ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಗೋಕರ್ಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಡಿಸೆಂಬರ್ ಮೊದಲ ಪಕ್ಷದಲ್ಲೋ ಜನವರಿಯಲ್ಲೋ ಬನ್ನಿ.